ಲೆಕ್ಕ ಬಾಯಲ್ಲೇ ಹೇಳುತ್ತಾನೆ, ಒಂದು ಸಾಲು ಓದಲಾರ. ಮೊದಲು ಯಾರ ಬಳಿ ಹೋಗಬೇಕು?

ತಿಪಟೂರಿನ ತಾಯಿ

ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ, ಇಂಗ್ಲಿಷ್ ಮಾಧ್ಯಮ. ನಮ್ಮದು ಕೊಬ್ಬರಿ ವ್ಯಾಪಾರ. ಕ್ವಿಂಟಲ್‌ಗೆ ಇಷ್ಟು ಎಂದರೆ ಮೂವತ್ತೈದು ಕೆಜಿಗೆ ಎಷ್ಟಾಯಿತು ಎಂದು ನಮ್ಮ ಯಜಮಾನರು ಮೊಬೈಲ್ ತೆಗೆಯುವುದರೊಳಗೆ ಇವನು ಬಾಯಲ್ಲೇ ಹೇಳಿಬಿಡುತ್ತಾನೆ. ಅಜ್ಜಿ ಹೇಳಿದ ಕಥೆಯನ್ನು ಎರಡು ತಿಂಗಳು ಕಳೆದರೂ ಒಂದು ಎಳೆ ಬಿಡದೆ ಹೇಳುತ್ತಾನೆ. ಪುಸ್ತಕ ಕೊಟ್ಟರೆ ಮಾತ್ರ ಒಂದು ಸಾಲಿಗೆ ಐದು ನಿಮಿಷ ಬೇಕು. ಬೋರ್ಡಿನಿಂದ ನೋಡಿ ಬರೆದದ್ದು ಅರ್ಧ ಇರುತ್ತದೆ, ಅರ್ಧ ಇರುವುದಿಲ್ಲ.

ಎರಡು ಕಡೆ ಟ್ಯೂಷನ್ ಹಾಕಿದೆವು. ಹೋದ ತಿಂಗಳ ಪೋಷಕರ ಸಭೆಯಲ್ಲಿ "ಮನೆಯಲ್ಲಿ ಗಮನ ಕೊಡುತ್ತಿಲ್ಲ, ಹೀಗೇ ಆದರೆ ಮುಂದಿನ ವರ್ಷ ಬೇರೆ ಶಾಲೆ ನೋಡಿಕೊಳ್ಳಿ" ಎಂದರು. ಅತ್ತೆಯವರು "ಅವನ ಅಪ್ಪನೂ ಹೀಗೆಯೇ ಇದ್ದ, ಈಗ ಅಂಗಡಿ ನಡೆಸುತ್ತಿಲ್ಲವೇ?" ಎನ್ನುತ್ತಾರೆ. ಆಸ್ಪತ್ರೆಗೆ ತೋರಿಸೋಣ ಎಂದರೆ ಯಜಮಾನರಿಗೆ ಸಿಟ್ಟು. ಊರಿಗೆಲ್ಲ ಹುಡುಗನಿಗೆ ತಲೆ ಸರಿಯಿಲ್ಲ ಎಂದು ಸಾರಿದಂತೆ ಆಗುತ್ತದೆ ಎನ್ನುತ್ತಾರೆ. ಈಗ ಪ್ರತಿ ಸೋಮವಾರ ಬೆಳಿಗ್ಗೆ ಅವನಿಗೆ ಹೊಟ್ಟೆನೋವು.

ನಾನೂ ಕೈ ಮಾಡಿದ್ದೇನೆ, ಎರಡು ಮೂರು ಸಲ. ಅದನ್ನು ಮುಚ್ಚಿಟ್ಟು ಸಲಹೆ ಕೇಳುವುದು ಸರಿಯಲ್ಲ ಅನ್ನಿಸಿತು. ಮಕ್ಕಳ ವೈದ್ಯರೋ, ಮನೋವೈದ್ಯರೋ, ಕಣ್ಣಿನವರೋ? ಮೊದಲು ಯಾವ ಬಾಗಿಲು ತಟ್ಟಬೇಕು?

ಶಿರಸಿ ಸೀಮೆ

ಅಕ್ಕ, ಮೊದಲು ಕಣ್ಣು ಮತ್ತು ಕಿವಿ. ನಮ್ಮ ತಂಗಿಯ ಮಗಳನ್ನು ಎರಡು ವರ್ಷ ದಡ್ಡಿ ಎಂದರು. ಕೊನೆಗೆ ನೋಡಿದರೆ ಒಂದು ಕಿವಿಯಲ್ಲಿ ಸೋರುವಿಕೆಯಿಂದ ಅರ್ಧ ಶಬ್ದವೇ ಕೇಳಿಸುತ್ತಿರಲಿಲ್ಲ. ಈ ಎರಡು ಪರೀಕ್ಷೆ ಎಲ್ಲೇ ಹೋದರೂ ಕೇಳಿಯೇ ಕೇಳುತ್ತಾರೆ, ಮುಗಿಸಿಕೊಂಡೇ ಹೋಗಿ.

ನಿವೃತ್ತ ಮೇಷ್ಟ್ರು

ನಲಿ-ಕಲಿ ಬರುವುದಕ್ಕೆ ಮುಂಚೆಯೂ ಬಂದ ಮೇಲೂ ಸಣ್ಣ ಮಕ್ಕಳಿಗೇ ಕಲಿಸಿದವನು ನಾನು. ಒಂದು ಮಾತು ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈಚೆಗೆ ಓದಲು ಬಾರದ ಮಗುವಿಗೆಲ್ಲ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಾಗಿದ್ದೂ ಓದು ಬರಹ ಮಾತ್ರ ಹತ್ತದ ತೊಂದರೆ, ಎನ್ನುವ ಹೆಸರು ಅಂಟಿಸುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಎರಡನ್ನೂ ಯಾರೂ ಕುಳಿತು ಕಲಿಸಿಲ್ಲ. ಅಂಥ ಮಗು ಓದದಿದ್ದರೆ ಅದು ಮಗುವಿನ ನ್ಯೂನತೆಯಲ್ಲ, ನಮ್ಮದು.

ಆದ್ದರಿಂದ ತಾಯಿ, ನೀವು ಒಂದು ಕೆಲಸ ಮಾಡಿ. ಕನ್ನಡದ ಎರಡನೇ ತರಗತಿಯ ಪಠ್ಯದಿಂದ ಒಂದು ಪುಟ ಓದಿಸಿ. ಬೈಯಬೇಡಿ, ತಿದ್ದಬೇಡಿ. ಎಲ್ಲಿ ನಿಲ್ಲುತ್ತಾನೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಆ ಗುರುತಿನಲ್ಲಿ ಅರ್ಧ ಉತ್ತರ ಇರುತ್ತದೆ.

ವಿಶೇಷ ಶಿಕ್ಷಕಿ, ಮೈಸೂರು

ಮೇಷ್ಟ್ರ ಎಚ್ಚರಿಕೆ ಸರಿಯಾಗಿಯೇ ಇದೆ. ಆದರೆ ಬಾಯಿಲೆಕ್ಕ, ನೆನಪು, ಮಾತು ಎಲ್ಲ ಚುರುಕಾಗಿದ್ದು ಓದು ಬರಹ ಮಾತ್ರ ಕುಂಟುತ್ತಿದೆ ಎಂದಾಗ ನನ್ನ ಕಿವಿ ನಿಮಿರುತ್ತದೆ. ತಂದೆಗೂ ಹೀಗೆಯೇ ಇತ್ತು ಎಂಬ ಅತ್ತೆಯವರ ಮಾತನ್ನು ಆಕ್ಷೇಪಣೆ ಎಂದು ತೆಗೆದುಕೊಳ್ಳಬೇಡಿ, ಅದು ಮುಖ್ಯ ಮಾಹಿತಿ. ಈ ತೊಂದರೆ ಮನೆತನದಲ್ಲಿ ಹರಿದು ಬರುವುದು ಬಹಳ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಇಂಗ್ಲಿಷಿನ ಡಿಸ್ಲೆಕ್ಸಿಯಾ ಬಗ್ಗೆ ಓದಿದವರು ಬಿ, ಡಿ ಅಕ್ಷರಗಳನ್ನು ತಿರುಗಿಸಿ ಬರೆಯುತ್ತಾನೆಯೇ ಎಂದು ಹುಡುಕುತ್ತಾ ಕೂರುತ್ತಾರೆ. ಕನ್ನಡದಲ್ಲಿ ಅದರ ಮುಖವೇ ಬೇರೆ. ನಮ್ಮ ಲಿಪಿಯಲ್ಲಿ ಬರೆದಂತೆ ಓದು ನಡೆಯುವುದರಿಂದ ಮಗು ತಪ್ಪು ಓದುವುದಕ್ಕಿಂತ ಹೆಚ್ಚಾಗಿ ತೀರಾ ನಿಧಾನವಾಗಿ, ಅಕ್ಷರ ಅಕ್ಷರ ಕುಟ್ಟಿಕೊಂಡು ಓದುತ್ತದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. ಒತ್ತಕ್ಷರ ನುಂಗಿ 'ಹತ್ತಿ'ಯನ್ನು 'ಹತಿ' ಎನ್ನುತ್ತದೆ. ಗುಡಿಸು, ಗುಡಿಸಿನ ದೀರ್ಘ (ಕಿ, ಕೀ) ಒಂದೇ ಆಗುತ್ತದೆ. ಪ, ಷ, ವ, ಮ ಕಲಸಿಕೊಳ್ಳುತ್ತವೆ. ಎಲ್ಲಕ್ಕಿಂತ ಕಾಡುವುದು ಅರ್ಕಾವತ್ತು: 'ಸೂರ್ಯ' ಎನ್ನುವಾಗ ಬಾಯಿಗೆ ಮೊದಲು ಬರುವ ರಕಾರ ಕಣ್ಣಿಗೆ ಆಮೇಲೆ ಕಾಣುತ್ತದೆ. ಗುಣಿತ, ಒತ್ತು ಎಲ್ಲ ಸೇರಿ ನೂರಾರು ಆಕಾರ ಕಲಿಯಬೇಕಾದ ಲಿಪಿ ಇದು. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ನಾಲ್ಕು ವರ್ಷ ಹಿಡಿಯುತ್ತದೆ. ಅದಕ್ಕೇ ಒಂದನೇ ತರಗತಿಯಲ್ಲಿ ಯಾರೂ ಗಾಬರಿಯಾಗಬೇಕಿಲ್ಲ, ನಾಲ್ಕರಲ್ಲಿ ಕಾಯಬಾರದು.

ಈಗ ಬಾಗಿಲಿನ ವಿಷಯ. ಕಣ್ಣು ಕಿವಿ ಆದ ಮೇಲೆ ಮಕ್ಕಳ ವೈದ್ಯರು. ನಂತರ ಕ್ಲಿನಿಕಲ್ ಸೈಕಾಲಜಿಸ್ಟ್. ಅವರು ಮೊದಲು ಬುದ್ಧಿಮಟ್ಟದ ಪರೀಕ್ಷೆ ಮಾಡುತ್ತಾರೆ, ಆಮೇಲೆ ಓದು, ಬರಹ, ಲೆಕ್ಕಗಳನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ದೇಶದ ಬಹಳ ಕಡೆ ಬಳಸುವುದು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಡಿಸ್ಲೆಕ್ಸಿಯಾ ಗುರುತಿಸುವ 'ಡಾಲಿ' ಎಂಬ ಪರೀಕ್ಷೆಯನ್ನು ಕನ್ನಡದಲ್ಲಿಯೂ ಮಾಡಿದ್ದಾರೆ. ಮಗುವನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ತೀರ್ಪು ಕೊಟ್ಟರೆ ಒಪ್ಪಬೇಡಿ, ಕನ್ನಡದಲ್ಲಿಯೂ ನೋಡಿ ಎಂದು ಕೇಳಿ. ರಕ್ತಪರೀಕ್ಷೆಯಿಂದಲೋ ಸ್ಕ್ಯಾನ್‌ನಿಂದಲೋ ಇದು ತಿಳಿಯುವುದಿಲ್ಲ. ಅದಕ್ಕೆಂದು ಯಾರಾದರೂ ಸ್ಕ್ಯಾನ್ ಬರೆದುಕೊಟ್ಟರೆ ಏಕೆ ಎಂದು ಕೇಳಿ.

ನಿಮಗೆ ರೈಲಿನಲ್ಲಿ ಬೆಂಗಳೂರು ಸುಲಭ, ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ. ಮಾತು, ಭಾಷೆಯ ತೊಡಕೂ ಸೇರಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಖಾಸಗಿಯವರ ಬಳಿ ಹೋಗುವುದಾದರೆ ಸೈಕಾಲಜಿಸ್ಟ್ ಆಗಲಿ, ವಾಕ್ ಚಿಕಿತ್ಸಕರಾಗಲಿ, ನನ್ನಂಥ ವಿಶೇಷ ಶಿಕ್ಷಕಿಯಾಗಲಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಿದರೆ ಸಿಟ್ಟಾಗುವವರ ಬಳಿಗೆ ಹೋಗಲೇಬೇಡಿ.

ತಿಪಟೂರಿನ ತಾಯಿ

ಮೇಷ್ಟ್ರು ಹೇಳಿದಂತೆ ಇಂದು ಸಂಜೆ ಓದಿಸಿದೆ. ಮರ, ಸರ, ಬಸವ ಎಲ್ಲ ಬಂತು. ಅಮ್ಮ, ಅಜ್ಜ ಎನ್ನುವ ಪದಗಳನ್ನು ಓದಲಿಲ್ಲ, ನೋಡಿದ ಕೂಡಲೇ ಹೇಳಿದ, ಕಂಠಪಾಠ ಅನ್ನಿಸಿತು. 'ಹಕ್ಕಿ' ಬಂದಲ್ಲಿ 'ಹಾಕಿ' ಎಂದ. 'ಮಧ್ಯಾಹ್ನ' ಬಂದಾಗ ಪುಸ್ತಕ ಮುಚ್ಚಿ ಎದ್ದು ಹೋದ. ಒಂದು ಪುಟದಲ್ಲಿ ಇಪ್ಪತ್ತಮೂರು ಗುರುತು.

ಗುರುತು ಹಾಕುತ್ತಾ ಕುಳಿತಾಗ ಗೊತ್ತಾಯಿತು, ಇಷ್ಟು ದಿನ ಅವನು ಓದುವಾಗ ನಾನು ಪುಸ್ತಕವನ್ನೇ ನೋಡಿರಲಿಲ್ಲ, ಅವನ ಮುಖವನ್ನು ನೋಡಿ ಸಿಟ್ಟಾಗುತ್ತಿದ್ದೆ.

ನಿವೃತ್ತ ಮೇಷ್ಟ್ರು

'ಮಧ್ಯಾಹ್ನ' ನನ್ನ ಶಾಲೆಯ ಅರ್ಧ ಸಿಬ್ಬಂದಿಗೂ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಆದರೆ ನಾಲ್ಕನೇ ತರಗತಿಯಲ್ಲಿ 'ಹಕ್ಕಿ' ತಪ್ಪುವುದು ಸಣ್ಣ ವಿಷಯವಲ್ಲ. ಹೋಗಿ ತೋರಿಸಿ. ನಾನು ಮೊದಲು ಹೇಳಿದ್ದನ್ನು ಅಷ್ಟರಮಟ್ಟಿಗೆ ಹಿಂದೆ ತೆಗೆದುಕೊಳ್ಳುತ್ತೇನೆ.

ಧಾರವಾಡದ ಅಪ್ಪ

ನಮ್ಮ ಮಗನದು ಬೇರೆ ಕಥೆ. ಓದು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಜೊತೆಯ ಹುಡುಗರೊಂದಿಗೆ ಬೆರೆಯಲು ಬರುವುದಿಲ್ಲ. ಹುಟ್ಟುಹಬ್ಬಕ್ಕೆ ಕರೆದರೆ ಮೂಲೆಯಲ್ಲಿ ಕುಳಿತು ಫ್ಯಾನ್ ನೋಡುತ್ತಿರುತ್ತಾನೆ. ಆರನೇ ವಯಸ್ಸಿಗೆ ಆಟಿಸಂ ಎಂದು ತಿಳಿಯಿತು.

ಎಲ್ಲರೂ ಬೆಂಗಳೂರು, ಮೈಸೂರು ಎನ್ನುತ್ತೀರಿ. ನಮ್ಮ ಕಡೆಯವರಿಗೆ ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಅದನ್ನೂ ಬರೆದಿಡಿ. ನಮಗೆ ಅಲ್ಲಿಗೆ ಹೋಗುವ ಬುದ್ಧಿ ತಡವಾಗಿ ಬಂತು. ಅದಕ್ಕೆ ಮುಂಚೆ ಒಂದು ಖಾಸಗಿ ಥೆರಪಿ ಕೇಂದ್ರದಲ್ಲಿ ಒಂಬತ್ತು ತಿಂಗಳು ಕಳೆದೆವು. ನಲವತ್ತೈದು ನಿಮಿಷ ಬಾಗಿಲು ಹಾಕಿಕೊಳ್ಳುತ್ತಿದ್ದರು, ನಾವು ಹೊರಗೆ ಬೆಂಚಿನ ಮೇಲೆ. ಒಳಗೆ ಏನು ಮಾಡಿದಿರಿ ಎಂದರೆ "ಇಂದು ಸಹಕರಿಸಿದ" ಅಥವಾ "ಇಂದು ಸಹಕರಿಸಲಿಲ್ಲ", ಅಷ್ಟೇ ವರದಿ. ಒಂಬತ್ತು ತಿಂಗಳಲ್ಲಿ ನಮಗೆ ಕಲಿಸಿದ್ದು ಏನೂ ಇಲ್ಲ. ಈಗಿನ ವಾಕ್ ಚಿಕಿತ್ಸಕಿ ಮೊದಲ ದಿನವೇ ನನ್ನ ಹೆಂಡತಿಯನ್ನು ಒಳಗೆ ಕೂರಿಸಿಕೊಂಡರು. ವಾರದಲ್ಲಿ ಒಂದು ಗಂಟೆ ತಮ್ಮದು, ಮಿಕ್ಕ ಗಂಟೆಗಳೆಲ್ಲ ನಿಮ್ಮವು ಎಂದರು. ರೊಟ್ಟಿ ಬಡಿಯುವಾಗ, ಅಂಗಡಿಗೆ ಹೋಗುವಾಗ, ಬಸ್ಸಿನಲ್ಲಿ ಹೇಗೆ ಮಾತಾಡಿಸಬೇಕು ಎಂದು ತೋರಿಸಿದರು. ಸರದಿ ಕಾಯುವುದನ್ನು ಅವನು ಕಲಿತದ್ದು ಚೌಕಾಬಾರದಲ್ಲಿ. ಮೊದಲು ಅಜ್ಜನ ಜೊತೆ, ಆಮೇಲೆ ಪಕ್ಕದ ಮನೆಯ ಒಬ್ಬನೇ ಹುಡುಗನ ಜೊತೆ.

ಇನ್ನೊಂದು: ಆಟಿಸಂ, ಬೌದ್ಧಿಕ ನ್ಯೂನತೆ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿಯ ಖರ್ಚೂ ಒಂದು ಮಿತಿಯೊಳಗೆ ಸೇರುತ್ತದೆ. ಬರೀ ಡಿಸ್ಲೆಕ್ಸಿಯಾ ಇದ್ದರೆ ಅದು ಸಿಗುವುದಿಲ್ಲ, ತಾಯಿಯವರು ಅದರ ಹಿಂದೆ ಓಡಾಡಬೇಡಿ.

ಹೋಗುವ ದಿನ ಹಳೆಯ ನೋಟ್‌ಬುಕ್‌ಗಳನ್ನು ಒಯ್ಯಿರಿ, ಒಂದನೇ ತರಗತಿಯವು ಇದ್ದರೆ ಇನ್ನೂ ಒಳ್ಳೆಯದು. ತಾಯಿ ಕಾರ್ಡು ಒಯ್ಯಿರಿ, ಹೆರಿಗೆ ಹೇಗಾಯಿತು, ಯಾವಾಗ ಮಾತು ಬಂತು ಎಂದೆಲ್ಲ ಕೇಳುತ್ತಾರೆ. ಬುತ್ತಿಯನ್ನಂತೂ ಮರೆಯಬೇಡಿ. ಹಸಿದ ಮಗುವಿಗೆ ಯಾವ ಪರೀಕ್ಷೆ ಮಾಡಿದರೂ ಅಂಕ ಕಡಿಮೆಯೇ.

ಚುರುಕು ಮಿದುಳು ಅಕಾಡೆಮಿ ಪ್ರತಿನಿಧಿ

ಮೇಡಂ, ಚಿಂತೆ ಬಿಡಿ. ನಮ್ಮ 21 ದಿನಗಳ ಶಿಬಿರದಲ್ಲಿ ಡಿಸ್ಲೆಕ್ಸಿಯಾ, ಆಟಿಸಂ ಸಂಪೂರ್ಣ ಗುಣ. ಕಣ್ಣು ಕಟ್ಟಿಕೊಂಡು ಓದುವ ಮಕ್ಕಳ ವಿಡಿಯೊ ಕಳಿಸುತ್ತೇನೆ.

ವಿಶೇಷ ಶಿಕ್ಷಕಿ, ಮೈಸೂರು

ಕಣ್ಣು ಬಿಟ್ಟುಕೊಂಡು ಓದಿದರೆ ನಮಗೆ ಸಾಕು. ಇವು ರೋಗವಲ್ಲ, ಗುಣವಾಗುವ ಪ್ರಶ್ನೆಯೇ ಬರುವುದಿಲ್ಲ. ಕಲಿಸುವ ರೀತಿ ಬದಲಾದರೆ ಓದು ಬರುತ್ತದೆ, ನಿಧಾನ ಉಳಿಯುತ್ತದೆ. 'ಸಂಪೂರ್ಣ ಗುಣ' ಎಂಬ ಪದ ಕಂಡರೆ ಪರ್ಸ್ ಒಳಗೆ ಇಟ್ಟುಕೊಳ್ಳಿ.

ನ್ಯೂಜೆರ್ಸಿ ಕನ್ನಡತಿ

ಇಲ್ಲಿ ನನ್ನ ಮಗಳಿಗೂ ಓದಿನದೇ ತೊಂದರೆ. ಇಲ್ಲಿನ ಸರ್ಕಾರಿ ಶಾಲೆಗೆ ತಂದೆ ತಾಯಿ ಬರಹದಲ್ಲಿ ಮನವಿ ಕೊಟ್ಟರೆ 20 ದಿನಗಳೊಳಗೆ ಸಭೆ ಕರೆಯಲೇಬೇಕು, ಪರೀಕ್ಷೆಗಳ ಖರ್ಚು ಶಾಲೆಯದೇ. ನಾನು ಒಂದು ವರ್ಷ ಬಾಯಿಮಾತಿನಲ್ಲಿ ಕೇಳುತ್ತಲೇ ಇದ್ದೆ, ಎಲ್ಲರೂ ನಗುನಗುತ್ತಾ ತಲೆಯಾಡಿಸುತ್ತಿದ್ದರು. ಕಾಗದ ಕೊಟ್ಟ ಮೇಲೆ ಕೆಲಸ ನಡೆಯಿತು. ಊರಿನಲ್ಲಿಯೂ ಶಾಲೆಗೆ ಏನು ಕೇಳಿದರೂ ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. "ಮನೆಯಲ್ಲಿ ಕನ್ನಡ ನಿಲ್ಲಿಸಿ, ಎರಡು ಭಾಷೆಯಿಂದ ಮಗು ಗೊಂದಲಗೊಂಡಿದೆ" ಎಂದು ನಮಗೆ ಒಬ್ಬರು ಸಲಹೆ ಕೊಟ್ಟರು. ಎಂಟು ತಿಂಗಳು ಪಾಲಿಸಿದೆವು. ಮಗಳ ಇಂಗ್ಲಿಷ್ ಓದು ಎಳ್ಳಷ್ಟೂ ಸುಧಾರಿಸಲಿಲ್ಲ, ಅಜ್ಜಿಯ ಜೊತೆ ಫೋನಿನಲ್ಲಿ ಮಾತು ಮಾತ್ರ ನಿಂತುಹೋಯಿತು. ಆಮೇಲೆ ಬಂದ ವಾಕ್ ಚಿಕಿತ್ಸಕಿ, ಎರಡು ಭಾಷೆಯಿಂದ ಡಿಸ್ಲೆಕ್ಸಿಯಾ ಬರುವುದೂ ಇಲ್ಲ, ಹೆಚ್ಚುವುದೂ ಇಲ್ಲ ಎಂದರು. ತಿಪಟೂರಿನಲ್ಲಿಯೂ ಯಾರಾದರೂ ಮನೆಯಲ್ಲಿ ಇಂಗ್ಲಿಷ್ ಮಾತಾಡಿಸಿ ಎಂದಾರು. ಕೇಳಬೇಡಿ.

ಬಿಐಇಆರ್‌ಟಿ, ಹಳೆ ಮೈಸೂರು ಭಾಗ

ಸರ್ಕಾರಿ ದಾರಿಯನ್ನು ಯಾರೂ ಹೇಳಲಿಲ್ಲ. ನಾನು ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ತಾಲ್ಲೂಕಿಗೆ ನೇಮಕವಾದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕ, ಚಿಕ್ಕದಾಗಿ ಬಿಐಇಆರ್‌ಟಿ. ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಬಿಐಇಆರ್‌ಟಿ ಯಾರು ಎಂದು ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ, ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಆಸ್ಪತ್ರೆಯ ಶೀಘ್ರ ಹಸ್ತಕ್ಷೇಪ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿಗೆ ನೀವೇ ನೇರವಾಗಿಯೂ ಹೋಗಬಹುದು.

ಶಾಲೆಯವರ ಬೆದರಿಕೆಗೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರೊಳಗೇ ಸೇರುತ್ತದೆ. ಅದನ್ನು ಆದಷ್ಟು ಬೇಗ ಗುರುತಿಸಿ ತಕ್ಕಂತೆ ಕಲಿಸುವುದು ಶಿಕ್ಷಣ ಸಂಸ್ಥೆಯ ಹೊಣೆ ಎಂದು ಆ ಕಾಯ್ದೆಯೇ ಹೇಳುತ್ತದೆ. 17ನೇ ಕಲಂನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲ ಇದೆ. ಇದನ್ನು ಹಿಡಿದು ಜಗಳಕ್ಕೆ ಹೋಗಿ ಎನ್ನುತ್ತಿಲ್ಲ. ಗೊತ್ತಿದ್ದರೆ ನಿಮ್ಮ ದನಿ ನಡುಗುವುದಿಲ್ಲ, ಅಷ್ಟೇ.

ನ್ಯೂನತೆಯ ಪ್ರಮಾಣಪತ್ರಕ್ಕೆ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ ಅರ್ಜಿ ಹಾಕಬೇಕು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಕಲಿಕಾ ನ್ಯೂನತೆಗೆ ಎಂಟು ವರ್ಷ ತುಂಬಿದ ಮೇಲಷ್ಟೇ ಪ್ರಮಾಣಪತ್ರ. 2018ರ ಕೇಂದ್ರದ ಮಾರ್ಗಸೂಚಿಯಂತೆ 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಆಗಬೇಕಿತ್ತು, 2024ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ, ಈಗಿನದನ್ನು ಕೇಳಿಕೊಳ್ಳಿ.

ಜಯನಗರ ಅಮ್ಮ

ಪ್ರಮಾಣಪತ್ರಕ್ಕೆ ಈಗಲೇ ಅವಸರ ಬೇಡ ಎನ್ನುತ್ತೇನೆ. ನನ್ನ ಮಗನಿಗೆ ಐದನೇ ತರಗತಿಯಲ್ಲೇ ಮಾಡಿಸಿದೆವು. ಮರುದಿನದಿಂದ ಅವನ ಶಾಲೆ ಕಲಿಸುವುದನ್ನೇ ನಿಲ್ಲಿಸಿತು. "ಹೇಗೂ ವಿನಾಯಿತಿ ಇದೆಯಲ್ಲ" ಎಂದು ಕನ್ನಡ ಪಿರಿಯಡ್‌ನಲ್ಲಿ ಗ್ರಂಥಾಲಯಕ್ಕೆ ಕಳಿಸುತ್ತಿದ್ದರು. ಓದಲು ಬಾರದ ಹುಡುಗನನ್ನು ಗ್ರಂಥಾಲಯಕ್ಕೆ!

ನಿವೃತ್ತ ಮೇಷ್ಟ್ರು

ಇದೇ ನನ್ನ ಭಯ. ವಿನಾಯಿತಿ ಕಾಗದ ಬಂದರೆ ಮೇಷ್ಟ್ರಿಗೂ ವಿನಾಯಿತಿ ಸಿಕ್ಕಂತೆ.

ವಿಶೇಷ ಶಿಕ್ಷಕಿ, ಮೈಸೂರು

ಒಪ್ಪುತ್ತೇನೆ, ಅರ್ಧ. ತಪ್ಪು ಕಾಗದದ್ದಲ್ಲ, ಕಾಗದ ಬಂದ ಮೇಲೆ ಕೈಕಟ್ಟಿ ಕೂರುವುದರದು. ಪ್ರತಿ ವರ್ಷ ಜನವರಿಯಲ್ಲಿ ಹತ್ತನೇ ತರಗತಿಯ ಮಕ್ಕಳ ಅಪ್ಪ ಅಮ್ಮ ನನ್ನ ಬಳಿ ಓಡಿ ಬರುತ್ತಾರೆ, ಮಾರ್ಚಿನ ಪರೀಕ್ಷೆಗೆ ವಿನಾಯಿತಿ ಕೊಡಿಸಿ ಎಂದು. ಮಗುವಿನ ಮೌಲ್ಯಮಾಪನ, ವೈದ್ಯಕೀಯ ಮಂಡಳಿ, ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ ಎಲ್ಲ ಎರಡು ತಿಂಗಳಲ್ಲಿ ಆಗುವ ಕೆಲಸವಲ್ಲ. ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ನಿಧಾನ ಓದುವ ಮಗುವಿಗೆ ಆ ಒಂದು ಗಂಟೆ ಎಂದರೆ ಕೊನೆಯ ಪ್ರಶ್ನೆಯವರೆಗೆ ತಲುಪುವುದು.

ತಿಪಟೂರಿನ ಅಕ್ಕನಿಗೆ ನನ್ನ ಸಲಹೆ: ಈಗ ಮೌಲ್ಯಮಾಪನ, ಈಗಲೇ ಪಾಠ. ಪ್ರಮಾಣಪತ್ರ ಏಳನೇ ತರಗತಿಯ ಹೊತ್ತಿಗೆ ಕೈಯಲ್ಲಿದ್ದರೆ ಸಾಕು. ಕನ್ನಡವನ್ನು ಬಿಡಿಸಬೇಡಿ, ಬಿಡಲೇಬೇಕಾದರೆ ಮೂರನೇ ಭಾಷೆ ಬಿಡಿ.

ಹೆಸರು ಬೇಡ, ಹಾಸನ

ಇಷ್ಟು ಉದ್ದ ಓದಲು ನನಗೆ ಎರಡು ದಿನ ಹಿಡಿಯಿತು. ಸ್ವಲ್ಪವನ್ನು ಮೊಬೈಲ್ ಓದಿ ಹೇಳಿತು. ಇದನ್ನೂ ಮಾತಿನಲ್ಲಿ ಹೇಳಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಮೋಟಾರ್ ರಿವೈಂಡಿಂಗ್ ಅಂಗಡಿ ನನ್ನದು. ನನಗೆ ಮೂವತ್ತೊಂದು ವರ್ಷ. ಏಳನೇ ತರಗತಿಗೆ ಶಾಲೆ ಬಿಟ್ಟೆ. ನಮ್ಮ ಊರಿನವರಿಗೆ ನಾನು ದಡ್ಡ ಎಂದು ಗೊತ್ತಿತ್ತು, ಆಸ್ಪತ್ರೆಗೆ ತೋರಿಸದೆಯೂ ಗೊತ್ತಿತ್ತು. ಇದನ್ನು ಅಣ್ಣನವರಿಗೆ, ಅಂದರೆ ಆ ತಾಯಿಯ ಯಜಮಾನರಿಗೆ ಹೇಳಿ. ಊರಿನ ಬಾಯಿಗೆ ಹೆದರಿ ಸುಮ್ಮನಿದ್ದರೆ ಊರು ಸುಮ್ಮನಿರುವುದಿಲ್ಲ. ಅದು ತನಗೆ ತೋಚಿದ ಹೆಸರು ಇಡುತ್ತದೆ.

ಈಗಲೂ ಬ್ಯಾಂಕಿನಲ್ಲಿ ಕನ್ನಡಕ ಮರೆತು ಬಂದೆ ಎನ್ನುತ್ತೇನೆ. ನನಗೆ ಕನ್ನಡಕವೇ ಇಲ್ಲ.

ತಿಪಟೂರಿನ ತಾಯಿ

ಎರಡು ತಿಂಗಳಾಯಿತು. ಹೇಳದೆ ಇದ್ದದ್ದಕ್ಕೆ ಕ್ಷಮಿಸಿ.

ಹಾಸನದ ತಮ್ಮನ ಮಾತನ್ನು ಯಜಮಾನರಿಗೆ ಓದಿ ಹೇಳಿದೆ. ಏನೂ ಹೇಳಲಿಲ್ಲ, ಅಂಗಡಿಗೆ ಹೋದರು. ರಾತ್ರಿ ಬಂದು "ಮಂಗಳವಾರ ಸಂತೆ ಇಲ್ಲ, ಹೋಗೋಣ" ಎಂದರು. ಬೆಂಗಳೂರಿಗೆ ಮೂರು ಸಲ ಹೋಗಿ ಬಂದೆವು. ಕಣ್ಣು, ಕಿವಿ ಸರಿ ಇದೆ. ಬುದ್ಧಿಮಟ್ಟ ಸಾಮಾನ್ಯಕ್ಕಿಂತ ಮೇಲೆ. ಓದು ಮತ್ತು ಬರಹದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ, ಲೆಕ್ಕದಲ್ಲಿ ಇಲ್ಲ ಎಂದು ವರದಿ. ಸೈಕಾಲಜಿಸ್ಟ್ ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದಾಗ ನಾನು ನೆಲ ನೋಡಿದೆ. ಯಜಮಾನರೇ "ನನಗೆ ಇತ್ತು, ಇದೆ" ಎಂದರು. ಮಗ ಅವರ ಮುಖವನ್ನೇ ನೋಡುತ್ತಿದ್ದ.

ಶಾಲೆಗೆ ವರದಿಯ ಪ್ರತಿಯೊಂದಿಗೆ ಮನವಿ ಬರೆದುಕೊಟ್ಟು ಸ್ವೀಕೃತಿ ಪಡೆದೆವು. ಬೇರೆ ಶಾಲೆಯ ಮಾತು ಆಮೇಲೆ ಬರಲಿಲ್ಲ. ತರಗತಿ ಶಿಕ್ಷಕಿ ಬೋರ್ಡಿನ ಟಿಪ್ಪಣಿಯ ಫೋಟೊ ಕಳಿಸಲು ಒಪ್ಪಿದ್ದಾರೆ. ಎಲ್ಲರೆದುರು ಗಟ್ಟಿಯಾಗಿ ಓದಿಸುವುದು ನಿಂತಿದೆ. ಇಂಗ್ಲಿಷ್ ಶಿಕ್ಷಕರು ಇನ್ನೂ ಹಾಗೆಯೇ ಇದ್ದಾರೆ. ವಾರಕ್ಕೆ ಎರಡು ದಿನ ಒಬ್ಬ ವಿಶೇಷ ಶಿಕ್ಷಕಿಯ ಬಳಿ ವಿಡಿಯೊ ಪಾಠ, ನೋಂದಣಿ ಸಂಖ್ಯೆ ಕೇಳಿದೆ, ನಕ್ಕು ಕೊಟ್ಟರು. ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ನಾನು. ಟ್ಯೂಷನ್ ಎರಡನ್ನೂ ಬಿಡಿಸಿದೆವು. ಅತ್ತೆಯವರು ತಟ್ಟೆಯಲ್ಲಿ ರಾಗಿ ಹರಡಿ ಕೊಡುತ್ತಾರೆ, ಒತ್ತಕ್ಷರವನ್ನು ಬೆರಳಿನಲ್ಲಿ ಬರೆದು ಅದೇ ಹೊತ್ತಿಗೆ ಬಾಯಲ್ಲಿ ಹೇಳಬೇಕು. "ಅಕ್ಷರಾಭ್ಯಾಸದ ದಿನ ಮಾಡಿಸಿದ್ದನ್ನೇ ಮತ್ತೆ ಮಾಡಿಸುವುದಕ್ಕೆ ಇಷ್ಟು ದುಡ್ಡೇ?" ಎಂದು ಅವರ ಗೊಣಗಾಟ.

ಒಂದು ಸಂದೇಹ. ಕಕಾರದ ಒತ್ತು ಬಂತು, ತಕಾರದ್ದು ಬಂತು. ಎರಡನ್ನೂ ಒಂದೇ ಸಾಲಿನಲ್ಲಿ ಕೊಟ್ಟರೆ ಮತ್ತೆ ಕಲಸಿಕೊಳ್ಳುತ್ತಾನೆ. ಮುಂದಿನದಕ್ಕೆ ಹೋಗಲೇ, ನಿಲ್ಲಲೇ?

ವಿಶೇಷ ಶಿಕ್ಷಕಿ, ಮೈಸೂರು

ನಿಲ್ಲಿ. ಇನ್ನೂ ಒಂದು ವಾರ ಅವೆರಡೇ. ಹಕ್ಕಿ, ಹತ್ತಿ, ಬೆಕ್ಕು, ಬೆತ್ತ ಹೀಗೆ ಜೋಡಿ ಮಾಡಿ ಚೀಟಿ ಬರೆಯಿರಿ, ಅವನೇ ಎರಡು ಗುಂಪಾಗಿ ವಿಂಗಡಿಸಲಿ. ಹತ್ತು ಚೀಟಿ ಸಾಕು. ಸೋಮವಾರದ ಹೊಟ್ಟೆನೋವು ಹೇಗಿದೆ?

ತಿಪಟೂರಿನ ತಾಯಿ

ಹೋದ ಎರಡು ಸೋಮವಾರ ಇರಲಿಲ್ಲ. ಈ ಸೋಮವಾರ ಇತ್ತು. ಇಂಗ್ಲಿಷ್ ಡಿಕ್ಟೇಷನ್ ಇತ್ತಂತೆ.